ರುಮಾಲು ಬಿಚ್ಚಿದ ಮೇಲೆ

ನಿವೃತ್ತಿಯ ಮೊದಲ ಸೋಮವಾರವೂ ಅವರು ಐದೂವರೆಗೇ ಎದ್ದರು. ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಂಬತ್ತಕ್ಕೆ ಸರಿಯಾಗಿ ಪುಣೆಯ ಕೋಥರೂಡಿನ ಮನೆಯ ಪಡಸಾಲೆಯಲ್ಲಿ ಬಂದು ಕೂತರು. ಹೋಗುವುದು ಎಲ್ಲಿಗೂ ಇರಲಿಲ್ಲ. ಎರಡು ದಿನದ ಹಿಂದೆ ಬ್ಯಾಂಕಿನವರು ಶಾಲು ಹೊದಿಸಿ, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದ್ದರು. ಇನ್ನು ಹೊತ್ತು ನೋಡುವ ಅಗತ್ಯವೇ ಇಲ್ಲದವರಿಗೆ ಗಡಿಯಾರವನ್ನೇ ಯಾಕೆ ಕೊಡುತ್ತಾರೋ!

ಅದು 2019. ಅವರಿಗೆ ಅರವತ್ತು. ಧಾರವಾಡದ ಹತ್ತಿರದ ಒಂದು ಎರೆಭೂಮಿಯ ಹಳ್ಳಿಯಲ್ಲಿ ಹುಟ್ಟಿ, ಬಿ.ಕಾಂ. ಮುಗಿಸಿ, ಬ್ಯಾಂಕು ಸೇರಿ, ಊರಿಂದ ಊರಿಗೆ ವರ್ಗವಾಗುತ್ತ ಕೊನೆಗೆ ಪುಣೆಯಲ್ಲಿ ನೆಲೆ ನಿಂತವರು. ಕೊನೆಯ ಹನ್ನೆರಡು ವರ್ಷ ಸಾಲದ ವಿಭಾಗದಲ್ಲಿ ಕಳೆದರು. ಅಡವಿನ ಕಾಗದ, ಖರೇದಿ ಪತ್ರ, ಉತಾರ ಇವನ್ನು ತಿರುವಿ ಹಾಕಿ, ಎಲ್ಲಿ ಒಂದು ಸಹಿ ತಪ್ಪಿದೆ, ಎಲ್ಲಿ ಒಬ್ಬ ವಾರಸುದಾರನನ್ನು ಬಿಟ್ಟಿದ್ದಾರೆ ಎಂದು ಹಿಡಿಯುವುದರಲ್ಲಿ ಅವರದು ಎತ್ತಿದ ಕೈ. ಅವರ ಸಹಿಗಾಗಿ ಹೊರಗಿನ ಬೆಂಚಿನ ಮೇಲೆ ಸದಾ ನಾಲ್ಕು ಜನ ಕಾಯುತ್ತಿದ್ದರು. ಪಿಂಚಣಿ ಸರಿಯಾಗಿ ಬರುತ್ತಿತ್ತು, ಮಗಳ ಮದುವೆಯಾಗಿತ್ತು, ಸಕ್ಕರೆ ಕಾಯಿಲೆ ಹತೋಟಿಯಲ್ಲಿತ್ತು. ಆದರೆ ಈಗ ಆ ಬೆಂಚು ಇರಲಿಲ್ಲ.

ಮೊದಲ ಮೂರು ತಿಂಗಳಲ್ಲಿ ಅವರು ಮಾಡಿದ್ದನ್ನು ಉದ್ದಕ್ಕೆ ಹೇಳಬೇಕಾಗಿಲ್ಲ. ನಿವೃತ್ತರಾದ ಗಂಡಸರಿರುವ ಮನೆಗಳಲ್ಲೆಲ್ಲ ನಡೆಯುವುದೇ. ಸೊಸೈಟಿಯ ಲೆಕ್ಕದಲ್ಲಿ 640 ರೂಪಾಯಿ ವ್ಯತ್ಯಾಸ ಹುಡುಕಿ ಸೆಕ್ರೆಟರಿಯೊಂದಿಗೆ ಮಾತು ಬಿಟ್ಟರು. ಹಾಸ್ಯ ಕ್ಲಬ್ಬಿಗೆ ಎರಡು ದಿನ ಹೋದರು; ಕಾರಣವಿಲ್ಲದೆ ನಗುವುದು ಅವರಿಂದಾಗಲಿಲ್ಲ. ಒಂದು ದಿನ ಅಡುಗೆಮನೆಗೆ ಹೋಗಿ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿ, ಸಾಲಾಗಿ ಜೋಡಿಸಿಟ್ಟರು. ಹೆಂಡತಿ ಬಂದು ನೋಡಿ, ಸಾಸಿವೆ ಡಬ್ಬಿಯನ್ನು ಅದರ ಹಳೆಯ ಜಾಗಕ್ಕೇ ಸರಿಸಿದರು. “ಮೂವತ್ತೈದು ವರ್ಷ ಈ ಅಡಗೀಮನಿ ನಾ ಒಬ್ಬಾಕೀನ ನಡಿಸೇನಿ. ಇಲ್ಲೆ ಮ್ಯಾನೇಜರ್ ಜಾಗಾ ಖಾಲಿ ಇಲ್ಲರೀ” ಎಂದರು. ನಗುತ್ತಲೇ ಹೇಳಿದ ಮಾತು. ಆದರೆ ಅದನ್ನು ಕೇಳಿದ ಮೇಲೆ ಅವರು ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ದೀಪಾವಳಿಯ ಮೊದಲು ಮನೆ ಸ್ವಚ್ಛ ಮಾಡುವಾಗ ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯಿತು. ಊರಿನ ಮಾಳಿಗೆ ಮನೆ ಬಿದ್ದಾಗ ಧಾರವಾಡದ ಅಣ್ಣ ಕಳಿಸಿಕೊಟ್ಟಿದ್ದ ಟ್ರಂಕು ಅದು. ಒಳಗೆ ಕೆಂಪು ಬಟ್ಟೆಯ ಒಂದು ಗಂಟು. ದಫ್ತರದ ಭಾಷೆಯಲ್ಲಿ ಇಂಥ ಕಾಗದದ ಗಂಟಿಗೆ ರುಮಾಲು ಎನ್ನುತ್ತಾರೆ. ಬಿಚ್ಚಿದರೆ ಅಂಚು ಮುರಿದ ಕಾಗದಗಳು, ಅವುಗಳ ಮೇಲೆ ಇರುವೆ ಸಾಲಿನಂಥ ಬರಹ. ಜೀವಮಾನವೆಲ್ಲ ಕಾಗದ ಓದಿದ ಮನುಷ್ಯನಿಗೆ ತನ್ನ ಮನೆಯ ಕಾಗದದ ಒಂದಕ್ಷರವೂ ತಿಳಿಯಲಿಲ್ಲ. ಅದು ಮೋಡಿ.

ಮೋಡಿ ಮರಾಠಿಯನ್ನು ಬೇಗ ಬರೆಯಲು ಒದಗಿದ ಲಿಪಿ. ಬರೆಯುವವನು ಮೊದಲು ಕಾಗದದ ಈ ತುದಿಯಿಂದ ಆ ತುದಿಗೆ ಒಂದು ಗೆರೆ ಎಳೆದುಬಿಡುತ್ತಾನೆ. ಆಮೇಲೆ ಬೋರು, ಅಂದರೆ ಬಿದಿರಿನ ಲೇಖನಿಯನ್ನು ಆದಷ್ಟು ಎತ್ತದೆ, ಆ ಗೆರೆಗೆ ಅಕ್ಷರಗಳನ್ನು ತೂಗುಹಾಕುತ್ತ ಹೋಗುತ್ತಾನೆ. ಪದಗಳ ನಡುವೆ ತೆರಪಿಲ್ಲ, ವಾಕ್ಯ ಮುಗಿದದ್ದಕ್ಕೆ ಗುರುತಿಲ್ಲ, ಇಕಾರ ಉಕಾರಗಳಲ್ಲಿ ಹ್ರಸ್ವ ದೀರ್ಘದ ಗೊಡವೆಯಿಲ್ಲ. ಧಾರವಾಡದ ಮನೆಯಲ್ಲಿ ಇದು ಯಾಕಿತ್ತು ಎಂದರೆ, 1818ರಲ್ಲಿ ಪೇಶ್ವೆಯರ ಆಳಿಕೆ ಮುಗಿದ ಮೇಲೂ ಆ ಕಡೆಯ ಲೆಕ್ಕಪತ್ರ ಎಷ್ಟೋ ಕಾಲ ಮರಾಠಿಯಲ್ಲೇ ನಡೆಯಿತು. ಶಾಲೆಗಳಲ್ಲಿ ಕನ್ನಡ ಬೇರೂರಲು ಡೆಪ್ಯುಟಿ ಚನ್ನಬಸಪ್ಪನವರಂಥವರು ಹೆಣಗಬೇಕಾಯಿತು. ಮನೆಯಲ್ಲಿ ಕನ್ನಡ ಮಾತಾಡಿ, ಚಾವಡಿಯಲ್ಲಿ ಮೋಡಿ ಬರೆದ ಕುಲಕರ್ಣಿ ಮನೆತನಗಳು ಅಲ್ಲಿ ಬಹಳ, ಇವರದೂ ಅಂಥದ್ದೇ. 1950ರಲ್ಲಿ ಮುಂಬಯಿ ರಾಜ್ಯದ ಕಾಯ್ದೆ ಕುಲಕರ್ಣಿ ವತನವನ್ನೇ ರದ್ದು ಮಾಡಿತು. ಲಿಪಿಯೂ ಹೆಚ್ಚುಕಡಿಮೆ ಅದೇ ಕಾಲಕ್ಕೆ ಶಾಲೆಗಳಿಂದ ಹೊರಬಿತ್ತು. ವತನಕ್ಕೂ ಲಿಪಿಗೂ ಒಟ್ಟಿಗೇ ನಿವೃತ್ತಿ. ಶಾಲು, ಗಡಿಯಾರ ಏನೂ ಇಲ್ಲದೆ.

ಮೋಡಿ ಕಲಿಯಲು ಪುಣೆಗಿಂತ ಒಳ್ಳೆಯ ಊರಿಲ್ಲ. ಪೇಶ್ವೆ ದಫ್ತರವಿರುವುದು ಇಲ್ಲಿ. ರಾಜವಾಡೆ ಮತ್ತಿತರರು 1910ರಲ್ಲಿ ಕಟ್ಟಿದ ಭಾರತ ಇತಿಹಾಸ ಸಂಶೋಧಕ ಮಂಡಳವೂ ಇಲ್ಲಿಯೇ, ಸದಾಶಿವ ಪೇಠೆಯಲ್ಲಿ. ಆ ಪೇಠೆಗಳ ಸುತ್ತಿನಲ್ಲೇ ನಡೆಯುತ್ತಿದ್ದ ಒಂದು ತರಗತಿಗೆ ಅವರು ಹೆಸರು ಹಚ್ಚಿದರು. ಇಪ್ಪತ್ತು ಜನರಲ್ಲಿ ಅವರೇ ಹಿರಿಯರು. ಕಲಿಸುವಾಕೆ ಮಗಳಿಗಿಂತ ಚಿಕ್ಕವಳು. ಮೊದಲ ಪರೀಕ್ಷೆಯಲ್ಲಿ ಮೂವತ್ತಕ್ಕೆ ಹನ್ನೊಂದು ಅಂಕ ಬಂದವು. ಪಕ್ಕದಲ್ಲಿ ಕೂರುತ್ತಿದ್ದ ಇಂಜಿನಿಯರಿಂಗ್ ಹುಡುಗಿಗೆ ಇಪ್ಪತ್ತೆಂಟು.

ಅವರ ತಪ್ಪು ಅಕ್ಷರದ್ದಲ್ಲ, ಅನುಭವದ್ದು. ಕಾಗದದ ಮೊದಲ ಎರಡು ಸಾಲು ನೋಡಿದ ಕೂಡಲೇ ಮುಂದೇನಿರಬೇಕು ಎಂದು ಅವರಿಗೆ ಹೊಳೆದುಬಿಡುತ್ತಿತ್ತು, ಅದನ್ನೇ ಓದಿಬಿಡುತ್ತಿದ್ದರು. ಟೀಚರು ಪೆನ್ಸಿಲಿನಿಂದ ಅದೇ ಜಾಗವನ್ನು ಮತ್ತೆ ಮತ್ತೆ ತೋರಿಸಿ ಹೇಳುವಳು: “ಕಾಕಾ, ಅಂದಾಜ ನಕೋ, ವಾಚಾ.” ಅಂದಾಜು ಬೇಡ, ಓದಿ. ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಯಾರೂ ಅವರಿಗೆ ಹೀಗೆ ಹೇಳಿರಲಿಲ್ಲ. ಮೊದಮೊದಲು ಕಿವಿ ಕೆಂಪಾಗುತ್ತಿತ್ತು. ಆಮೇಲಾಮೇಲೆ, ಬಸ್ಸಿಗೆ ಕಾಯುತ್ತ, ಅಂಗಡಿಯ ಬೋರ್ಡುಗಳನ್ನೆಲ್ಲ ಮನಸ್ಸಿನಲ್ಲೇ ಮೋಡಿಯಲ್ಲಿ ಬರೆದುಕೊಳ್ಳತೊಡಗಿದರು.

ಎಲ್ಲಕ್ಕಿಂತ ಹೆಚ್ಚು ಖುಷಿ ಕೊಟ್ಟದ್ದು ಕಾಲದ ಲೆಕ್ಕ. ಹಳೆಯ ಮರಾಠಿ ಕಾಗದಗಳಲ್ಲಿ ವರ್ಷವನ್ನು ಅರಬ್ಬಿ ಸಂಖ್ಯೆಯ ಹೆಸರಿನಲ್ಲಿ, ಬಿಡಿಯಿಂದ ಸಾವಿರದ ಕಡೆಗೆ, ತಿರುವುಮುರುವಾಗಿ ಬರೆಯುತ್ತಾರೆ. ‘ಇಹಿದೆ ಸಿತ್ತೈನ ಮಯಾ ವ ಅಲಫ’ ಎಂದರೆ ಒಂದು, ಅರವತ್ತು, ನೂರು, ಸಾವಿರ, 1161. ಅದಕ್ಕೆ 599 ಅಥವಾ 600 ಕೂಡಿಸಿದರೆ ನಮ್ಮ ಇಸವಿ, 1760-61. ಪಾಣಿಪತ್ತದ ವರ್ಷ. ಬೆಳಗಿನ ನಡಿಗೆಯಲ್ಲಿ ಅವರು ಇಹಿದೆ, ಇಸನ್ನೆ, ಸಲಾಸ ಎಂದು ಮಗ್ಗಿ ಹೇಳಿಕೊಳ್ಳುತ್ತಿದ್ದರೆ, ಹಾಸ್ಯ ಕ್ಲಬ್ಬಿನವರು ಅನುಮಾನದಿಂದ ತಿರುಗಿ ನೋಡುತ್ತಿದ್ದರು.

2020ರ ಲಾಕ್‌ಡೌನಿನಲ್ಲಿ, ಭೂತಗನ್ನಡಿ ಹಿಡಿದು, ಅವರು ಮನೆಯ ರುಮಾಲಿಗೆ ಕೂತರು. ಹೆಚ್ಚಿನವು ಧಾನ್ಯದ ಲೆಕ್ಕ, ಮದುವೆಯ ಯಾದಿ. ಹನ್ನೆರಡನೆಯದೋ ಹದಿಮೂರನೆಯದೋ ಕಾಗದ ಮಾತ್ರ ಛಾಪಾ ಕಾಗದ. ಶಕೆ 1788, ಕ್ಷಯ ನಾಮ ಸಂವತ್ಸರ, ಇಸವಿ 1866.

ಇಲ್ಲಿ ಆ ಮನೆಯ ಒಂದು ಕತೆ ಹೇಳಬೇಕು. ಅವರಿಗೆ ಹಳ್ಳದ ದಂಡೆಯಲ್ಲಿ ಎಂಟು ಎಕರೆ ಎರೆ ಹೊಲವಿತ್ತು. ಒಂದೇ ಮನೆತನದ ರೈತರು ತಲೆತಲಾಂತರದಿಂದ ಅದನ್ನು ಲಾವಣಿಗೆ ಮಾಡುತ್ತಿದ್ದರು. 1974ರಲ್ಲಿ ಕರ್ನಾಟಕದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದಾಗ ಆ ರೈತ ಫಾರ್ಮ್ ನಂಬರ್ 7 ತುಂಬಿದ. ಟ್ರಿಬ್ಯುನಲ್ಲಿನಲ್ಲಿ ಹೊಲ ಅವನದಾಯಿತು. ಆಗ ಇವರಿಗೆ ಹದಿನೈದು ವರ್ಷ. ತಂದೆ ಅಂದಿನಿಂದ ಆ ಓಣಿಯಲ್ಲಿ ಕಾಲಿಡಲಿಲ್ಲ. “ನಮ್ಮ ಅನ್ನ ಉಂಡು ನಮ್ಮ ಹೊಲಾ ನುಂಗಿದ” ಎನ್ನುವುದು ಸಾಯುವವರೆಗೂ ಅವರ ಮಾತು. ಅಣ್ಣ ಆ ಮಾತನ್ನು ಆಸ್ತಿಯ ಹಾಗೆ ಇಟ್ಟುಕೊಂಡಿದ್ದ. ಮನೆಯ ಮದುವೆ ಮುಂಜಿಗಳಲ್ಲಿ ಊಟದ ನಂತರ ಎಲೆ ಅಡಿಕೆಯ ಜೊತೆ ಅದು ಬಂದೇ ಬರುತ್ತಿತ್ತು.

ಛಾಪಾ ಕಾಗದವನ್ನು ಓದಲು ಅವರಿಗೆ ಒಂಬತ್ತು ದಿನ ಹಿಡಿಯಿತು. ಇಂಥವನು ಬಿನ್ ಇಂಥವನು, ಅಂದರೆ ಇಂಥವನ ಮಗ, ತನ್ನ ಮಾಲಕಿಯ ಹಳ್ಳದ ಹೊಲವನ್ನು ನಿಮ್ಮಲ್ಲಿ ಗಹಾಣ ಇಟ್ಟು 75 ರೂಪಾಯಿ ತೆಗೆದುಕೊಂಡಿದ್ದಾನೆ. ಬಡ್ಡಿ ತಿಂಗಳಿಗೆ ನೂರಕ್ಕೆ ಎರಡು. ಮುದ್ದತ್ತು ಮೂರು ವರ್ಷ. ಅಷ್ಟರಲ್ಲಿ ತೀರಿಸದಿದ್ದರೆ ಈ ಕಾಗದವೇ ಖರೇದಿ ಎಂದು ತಿಳಿಯತಕ್ಕದ್ದು. ಸಾಲ ಕೊಟ್ಟವನು ಅವರ ಮುತ್ತಜ್ಜ. ಸಾಲ ತೆಗೆದುಕೊಂಡವನ ಹೆಸರಿನ ಮುಂದೆ ಇದ್ದ ಅಡ್ಡಹೆಸರು, 1974ರಲ್ಲಿ ಫಾರ್ಮ್ ತುಂಬಿದವನದೇ.

ಬ್ಯಾಂಕಿನ ಬುದ್ಧಿ ತಾನಾಗಿಯೇ ಲೆಕ್ಕ ಹಾಕಿತು. ಮೂರು ವರ್ಷದ ಬಡ್ಡಿ 54, ಅಸಲು ಸೇರಿ 129. ಎಂಟು ಎಕರೆ 129 ರೂಪಾಯಿಗೆ. ವರ್ಷವೂ ಸರಿಹೋಗುತ್ತಿತ್ತು. ಅಮೆರಿಕೆಯ ಅಂತರ್ಯುದ್ಧದ ಕಾಲದಲ್ಲಿ ಧಾರವಾಡದ ಹತ್ತಿಗೆ ಬಂಗಾರದ ಬೆಲೆ ಬಂದಿತ್ತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು, ಏರಿಕೆ ನಂಬಿ ಸಾಲ ಮಾಡಿದವರು ಸಿಕ್ಕಿಬಿದ್ದರು. ಹತ್ತು ವರ್ಷದ ಮೇಲೆ, 1875ರ ಮೇ ತಿಂಗಳಲ್ಲಿ, ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿದಾಗ ಮುಖ್ಯವಾಗಿ ಹುಡುಕಿ ಸುಟ್ಟದ್ದು ಇಂಥ ಕಾಗದಗಳನ್ನೇ. ಅವರ ಮುತ್ತಜ್ಜನ ಕಾಗದ ಮಾತ್ರ ಕೆಂಪು ರುಮಾಲಿನಲ್ಲಿ ಬೆಚ್ಚಗೆ ಉಳಿದಿತ್ತು.

ಅಣ್ಣನಿಗೆ ಫೋನು ಮಾಡಿದರು. ಆ ಕಡೆ ತುಸು ಹೊತ್ತು ಮಾತಿಲ್ಲ. ಆಮೇಲೆ, “ನೀ ಓದಿದ್ದು ಖರೇ ಅದ ಅಂತ ಏನು ಗ್ಯಾರಂಟಿ? ಮೊನ್ನೆ ಮೊನ್ನೆ ಕಲತಾಂವ ನೀನು” ಎಂದ ಅಣ್ಣ. ಇಡಿ ಅಂತ ಹೇಳದೆಯೇ ಫೋನು ಇಟ್ಟ. ಇವರು ಕಾಗದವನ್ನು ಮತ್ತೆ ರುಮಾಲಿಗೆ ಕಟ್ಟಿದರು.

ಮುಂದಿನ ಮೂರು ವರ್ಷ ಅವರ ಬದುಕು ಹೊರಗಿನಿಂದ ನೋಡಿದರೆ ತುಂಬಿಬಂದಿತು. ಕಾಕಾ ಹಳೆಯ ಕಾಗದ ಓದಿಕೊಡುತ್ತಾರಂತೆ ಎಂಬ ಸುದ್ದಿ ಬಾಯಿಂದ ಬಾಯಿಗೆ ಹರಡಿತು. ನಿಪ್ಪಾಣಿಯಿಂದ, ಬೆಳಗಾವಿಯಿಂದ, ಸೋಲಾಪುರದಿಂದ ಜನ ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ತಂದರು. ಪಡಸಾಲೆಯ ಸೋಫಾವೇ ಬೆಂಚಾಯಿತು. ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ, ಹೆಂಡತಿ ಚಹಾ ಕೊಡುತ್ತಿದ್ದರು. ಒಬ್ಬರ ಕಾಗದ ಇನಾಮಿನ ಸನದು ಎಂದು ಬಂದು, ಎಮ್ಮೆ ಮಾರಿದ ಚೀಟಿಯಾಗಿ ಹೋಗುತ್ತಿತ್ತು.

2023ರ ಕೊನೆಗೆ ಈ ಕೆಲಸಕ್ಕೆ ಬೇರೆಯೇ ಕಳೆ ಬಂತು. ಮರಾಠಾ ಮೀಸಲಾತಿಯ ಚಳವಳಿಯ ನಡುವೆ, ಮಹಾರಾಷ್ಟ್ರ ಸರಕಾರ ನೇಮಿಸಿದ ನ್ಯಾಯಮೂರ್ತಿ ಸಂದೀಪ ಶಿಂದೆ ಸಮಿತಿ ಹಳೆಯ ದಾಖಲೆಗಳಲ್ಲಿ ‘ಕುಣಬಿ’ ಎಂಬ ನಮೂದಿಗಾಗಿ ಹುಡುಕಾಟ ನಡೆಸುತ್ತಿತ್ತು. ಎಷ್ಟೋ ದಾಖಲೆ ಮೋಡಿಯಲ್ಲಿ, ಓದುವವರು ಬೆರಳೆಣಿಕೆ. ಒಂದು ಸಂಜೆ ಒಬ್ಬ ತರುಣ ತನ್ನ ಮನೆಯ ಹಳೆಯ ಕಾಗದ ತಂದ. ಆ ಶಬ್ದ ಅದರಲ್ಲಿರಲಿಲ್ಲ. ಒಂದು ಕಡೆ ಮಸಿ ಹರಡಿತ್ತು. “ಇಲ್ಲಿ ಹಾಗೆ ಓದಬಹುದಲ್ಲ ಕಾಕಾ?” ಎಂದು ಬೆರಳಿಟ್ಟು ಕೇಳಿದ. ಅವನಿಗೆ ಅದರಿಂದ ಏನು ಸಿಗಬಹುದಿತ್ತು ಎಂದು ಅವರಿಗೆ ಗೊತ್ತಿತ್ತು. “ಇಲ್ಲದ್ದನ್ನು ಓದಲಾರೆ” ಎಂದರು. ಅವನು ಚಹಾ ಮುಟ್ಟದೆ ಎದ್ದು ಹೋದ.

ಲೋಟ ಎತ್ತಲು ಬಂದ ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದರು: “ಛಲೋ ಮಾಡಿದ್ರಿ. ಇಲ್ಲದ್ದು ಓದೂದುಲ್ಲ ಅಂದ್ರಿ. ಆದ್ರ ಇದ್ದದ್ದು ಓದಿ ಕಟ್ಟಿಟ್ಟೀರಲ್ಲಾ, ಅದಕ್ಕೇನಂತಾರ?”

ಜನವರಿಯಲ್ಲಿ ಅವರು ಊರಿಗೆ ಹೋದರು. ಅಣ್ಣನಿಗೆ ತಿಳಿಸಿಯೇ ಹೋದರು. ಅಣ್ಣ ಜೊತೆಗೆ ಬರಲಿಲ್ಲ. ಆ ವರ್ಷ ಮಳೆ ಕೈಕೊಟ್ಟಿತ್ತು. ಹಳ್ಳದ ಹೊಲದಲ್ಲಿ ಕಡಲೆ ಗೇಣುದ್ದ ನಿಂತು, ಅಲ್ಲಲ್ಲಿ ನೆಲ ಬಾಯಿಬಿಟ್ಟಿತ್ತು. ಫಾರ್ಮ್ ತುಂಬಿದವನ ಮೊಮ್ಮಗ, ನಲವತ್ತೈದರ ಆಸುಪಾಸಿನವನು, ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂಡ್ರಿಸಿದ. ಇವರು ಚೀಲದಿಂದ ಛಾಪಾ ಕಾಗದ ತೆಗೆದದ್ದೇ ತಡ, ಅವನ ಮುಖ ಬಿಗಿಯಿತು.

“ಕೇಸ್ ಏನ್ರೀ ರಾಯರ?”

ಐವತ್ತು ವರ್ಷದ ಹಿಂದೆ ಬಂದ ಹೊಲ ಒಂದು ಹಳೆಯ ಕಾಗದದಿಂದ ಹೋಗಬಹುದು ಎಂಬ ಹೆದರಿಕೆ ಆ ಮನೆಯಲ್ಲಿ ಇನ್ನೂ ಇತ್ತು. ಇಷ್ಟು ವರ್ಷ ತಮ್ಮ ಮನೆಯ ಸಂಕಟ ಒಂದೇ ಅವರಿಗೆ ತಿಳಿದಿತ್ತು. ಅಲ್ಲ, ಕೇಸಿಗಲ್ಲ ಎಂದು ಎರಡು ಮೂರು ಸಲ ಹೇಳಬೇಕಾಯಿತು. ಆಮೇಲೆ ಕಾಗದವನ್ನು ಸಾಲು ಸಾಲಾಗಿ ಓದಿ, ಕನ್ನಡದಲ್ಲಿ ಅರ್ಥ ಹೇಳಿದರು. ನೂರಕ್ಕೆ ಎರಡು ಎನ್ನುವಲ್ಲಿ ದನಿ ಸಣ್ಣದಾಯಿತು. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಬಾಯಿಗೆ ಬರಲಿಲ್ಲ.

ರೈತ ಸುಮ್ಮನೆ ಕೇಳಿದ. ಬಡ್ಡಿಯ ಬಗ್ಗೆ, ಮುದ್ದತ್ತಿನ ಬಗ್ಗೆ ಏನೂ ಅನ್ನಲಿಲ್ಲ. “ನಮಗ ನಮ್ಮ ಮುತ್ಯಾನ ಅಪ್ಪನ ಮಟಾ ಹೆಸರು ಗೊತ್ತೈತ್ರಿ. ಅಲ್ಲಿಂದ ಹಿಂದ ಯಾರಿಗೂ ಗೊತ್ತಿಲ್ಲ. ಇದರಾಗ ಇದ್ದಾಂವನ ಹೆಸರು ಇನ್ನೊಮ್ಮೆ ಹೇಳ್ರಿ” ಎಂದ.

ಅವರು ಹೇಳಿದರು. ಅವನ ಅಪ್ಪನ ಹೆಸರನ್ನೂ ಹೇಳಿದರು; ಬಿನ್ ಎಂದಿತ್ತಲ್ಲ, ಎರಡು ತಲೆಮಾರು ಸಿಕ್ಕಿತ್ತು. ಕಾಗದದ ಬುಡದಲ್ಲಿ, ಓದುಬರಹ ಬಾರದ ರೈತರು ಆಗ ಸಹಿಯ ಬದಲು ಹಾಕುತ್ತಿದ್ದ ಗುರುತಿತ್ತು: ಒರಟು ಗೆರೆಗಳ ಒಂದು ಸಣ್ಣ ನೇಗಿಲು. ಮಸಿ ಒಂದು ಕಡೆ ಒತ್ತಿ, ಒಂದು ಕಡೆ ತೆಳುವಾಗಿತ್ತು. ಅದರ ಮೇಲೆ ಬೆರಳಿಟ್ಟು ತೋರಿಸಿದರು.

ಅವನು ಮೊಬೈಲು ತೆಗೆದು, ಬಿಸಿಲಿಗೆ ಅಡ್ಡ ನಿಂತು, ನೇಗಿಲಿನ ಫೋಟೋ ಹೊಡೆದುಕೊಂಡ. ಸರಿಯಾಗಿ ಬರಲಿಲ್ಲವೆಂದು ಮತ್ತೊಂದು ಹೊಡೆದ. ಆಮೇಲೆ ಒಳಗೆ ಮುಖ ಮಾಡಿ ಕೂಗಿದ: “ಯವ್ವಾ, ಹೊರಗ ಬಾ ಇಲ್ಲೆ.” ಇವರ ಕಡೆ ತಿರುಗಿ, “ಮೊದಲಿಂದ ಓದ್ರಿ ರಾಯರ, ನಮ್ಮವ್ವ ಕೇಳಿಲ್ಲ” ಎಂದ.

ಅವರು ಕನ್ನಡಕ ಒರೆಸಿಕೊಂಡು, ಶಕೆ 1788ರಿಂದ ಶುರುಮಾಡಿದರು.