ಕೊಂಡಿ

ಅಪ್ಪನ ಯೆಜ್ಡಿ ಬೈಕಿಗೆ ಕಿಕ್ಕರ್ ಬೇರೆ, ಗೇರು ಬೇರೆ ಇರಲಿಲ್ಲ. ಒದ್ದು ಚಾಲೂ ಮಾಡಿದ ಪೆಡಲನ್ನೇ ಮುಂದಕ್ಕೆ ಹೊರಳಿಸಿದರೆ ಗೇರಾಗುತ್ತಿತ್ತು. ಸಿಲಿಂಡರ್ ಒಂದು, ಸೈಲೆನ್ಸರ್ ಎರಡು. ಇಳಕಲ್ಲಿನಿಂದ ಸೀರೆಯ ಗಂಟು ಹೇರಿಕೊಂಡು, ಹುನಗುಂದ ದಾಟಿ ಬಾಗಲಕೋಟೆಗೆ ಹೋದ ಅಪ್ಪ ಸಂಜೆ ಮರಳುವಾಗ, ಓಣಿಯ ಆ ತುದಿಯಲ್ಲೇ ಸಪ್ಪಳ ಗುರುತಿಸಿ ಅವ್ವ ಹಂಚು ಒಲೆಗೇರಿಸುತ್ತಿದ್ದಳು. ಆ ಗಾಡಿ ಹುಟ್ಟಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಮುಂದೆ ಬಿಡಿಭಾಗ ಸಿಗದೆ ನಮ್ಮ ಯೆಜ್ಡಿಯೂ ಹಿತ್ತಲ ಗೋಡೆಗೆ ಒರಗಿತು.

ಯೆಜ್ಡಿ ಹೆಸರು 2022ರ ಜನವರಿಯಲ್ಲಿ ಮರಳಿ ಬಂತು. ಆದರೆ ನನ್ನ ಕೈಗೆಟುಕುವಂತೆ ಕಂಡದ್ದು ಅದೇ ವರ್ಷದ ಆಗಸ್ಟಿನಲ್ಲಿ ಒಂದೂವರೆ ಲಕ್ಷದ ಆಸುಪಾಸಿನ ಬೆಲೆಗೆ ಬಂದ ರಾಯಲ್ ಎನ್‌ಫೀಲ್ಡ್ ಹಂಟರ್. ಹಳೇ ಗಾಡಿಗಳ ಹಾಗೆ ದುಂಡು ದೀಪ, ಹನಿಯಂಥ ಟ್ಯಾಂಕು. ಮೂರು ವರ್ಷ ಕೂಡಿಟ್ಟೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಅದಕ್ಕೂ ದೊಡ್ಡವಕ್ಕೆ ಶೇ 40. ಹಂಟರ್ 349 ಸಿಸಿ. ಗೆರೆಯ ಈಚೆಗೇ ನಿಂತ ಆ ಒಂದು ಸಿಸಿಗೆ ನಾನು ಋಣಿ.

ಹಳೇ ಮೈಗೆ ಹೊಸ ಯಂತ್ರ ತುರುಕಿದ್ದೆಲ್ಲ ಬರೀ ವೇಷ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾದರೂ ಟೋಪು ತೆನಿಯ ಸೆರಗು ಸಾಮಾನ್ಯವಾಗಿ ರೇಷ್ಮೆಯದು. ಎಳೆಗೆ ಎಳೆ ಸಿಕ್ಕಿಸಿ ಕೊಂಡಿ ಹಾಕುತ್ತಾರೆ. ಸಾವಿರಾರು ಎಳೆ, ಒಂದೂ ತಪ್ಪುವಂತಿಲ್ಲ. ಅವ್ವ ಇಡೀ ಆಯುಷ್ಯ ಈ ಕೆಲಸ ಮಾಡಿದಳು. ಹತ್ತಿ ರೇಷ್ಮೆಯ ವೇಷ ಹಾಕುವುದಿಲ್ಲ, ರೇಷ್ಮೆ ಹತ್ತಿಯದನ್ನು ಹಾಕುವುದಿಲ್ಲ. ಕೊಂಡಿ ಬಿಗಿಯಾಗಿರಬೇಕು, ಅಷ್ಟೇ.

ಬಾಗಲಕೋಟೆಯಲ್ಲಿ ಗಾಡಿ ಬಿಡಿಸಿಕೊಂಡು, ಅಪ್ಪನನ್ನು ಹಿಂದೆ ಕೂರಿಸಿಕೊಂಡು, ಗುಳೇದಗುಡ್ಡದ ಮೇಲೆ ಹಾಯ್ದು ಬಾದಾಮಿಗೆ ಹೊರಟೆ. ದಾರಿಯುದ್ದ ಅಪ್ಪ ಮಾತಾಡಿದ್ದು ಒಂದೇ ಸಲ: “ಸಪ್ಪಳನ ಇಲ್ಲಲ್ಲೋ ತಮ್ಮಾ.” ಬನಶಂಕರಿ ಗುಡಿಯ ಮುಂದೆ ಕುಂಕುಮ ಹಚ್ಚಿ, ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟೆವು. ಅಪ್ಪ ಟ್ಯಾಂಕಿನ ಮೇಲೆ ಕೈಯಾಡಿಸಿದ. ಸೀರೆ ಕೊಳ್ಳುವ ಮೊದಲು ಅದನ್ನು ತಿರುವಿ ಹಾಕಿ, ಒಡಲು ಸೆರಗು ಕೂಡುವ ಕಡೆ ಬೆರಳಿನಿಂದ ನೋಡುವುದು ಹೀಗೆಯೇ.

ಮಹಾಕೂಟದ ದಾರಿಯಲ್ಲಿ, ಕೆಂಪು ಕಲ್ಲಿನ ಗುಡ್ಡದ ನೆರಳಿನಲ್ಲಿ ಗಾಡಿ ನಿಲ್ಲಿಸಿ, “ನೀನ ಹೊಡಿ” ಎಂದೆ. ಎಪ್ಪತ್ತು ದಾಟಿದ ಅಪ್ಪ ಧೋತರ ಮೇಲೆತ್ತಿ ಕಟ್ಟಿ ಹತ್ತಿದ. ಎಡಗಾಲು ಗೇರಿನ ಹತ್ತಿರ ಹೋಯಿತು. ಹಿಂದಕ್ಕೆ ಹೊರಳಿಸಲು ನೋಡಿತು. ಅದು ಹೊರಳಲಿಲ್ಲ. ನಾನು ಬಟನ್ ತೋರಿಸಿದೆ.