ಬಂದಾಗ, ಹೋದಾಗ, ಇರುವ ತನಕ

‘ಅಣ್ಣ ಬಂದಾಗ ಹೇಳು’ ಎಂದರೆ ಬಾಗಿಲಿಗೆ ಬಂದ ಕ್ಷಣದಲ್ಲೋ, ಕೈಕಾಲು ತೊಳೆದು ಕಾಫಿ ಕುಡಿದ ಮೇಲೋ ಎಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ. ‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಕಾರ್ಡಿನಾಟದಲ್ಲಿ ಮಾತ್ರ ಇದನ್ನು ಕೇಳಲೇಬೇಕು. ಗಣಿತಜ್ಞ ರಿಚರ್ಡ್ ಗಾರ್‌ಫೀಲ್ಡ್ ರೂಪಿಸಿದ ಈ ಆಟ 1993ರಲ್ಲಿ ಅಮೆರಿಕದಲ್ಲಿ ಹೊರಬಂತು. ಇದರ ಅನೇಕ ಕಾರ್ಡುಗಳ ಮೇಲೆ ‘ಇಂಥದ್ದು ನಡೆದಾಗ ಇಂಥದ್ದಾಗಲಿ’ ಎಂಬ ಬಗೆಯ ವಾಕ್ಯಗಳಿರುತ್ತವೆ. ಒಮ್ಮೆ ನಡೆಯುವುದಕ್ಕೆ ‘ಆಗ’, ಮತ್ತೆ ಮತ್ತೆ ನಡೆಯುವುದಕ್ಕೆ ‘ಆಗಲೆಲ್ಲ’.

ಆದರೆ ‘ಆಗ’ ಎಂದರೆ ‘ಕೂಡಲೇ’ ಅಲ್ಲ. ಘಟನೆ ನಡೆದಾಗ ಅದರ ಪರಿಣಾಮ ಮೊದಲು ‘ಸ್ಟ್ಯಾಕ್’ ಸೇರಿ ಕಾಯುತ್ತದೆ. 1999ರಿಂದ ಆಟದಲ್ಲಿರುವ ಈ ವ್ಯವಸ್ಥೆ ಒಂದರ ಮೇಲೊಂದು ಜೋಡಿಸಿದ ತಟ್ಟೆಗಳ ಹಾಗೆ: ಕೊನೆಗೆ ಇಟ್ಟದ್ದು ಮೊದಲು ಹೊರಗೆ. ಇಬ್ಬರ ಪರಿಣಾಮಗಳೂ ಒಟ್ಟಿಗೆ ಬಂದರೆ ಸರದಿ ಯಾರದೋ ಅವರದು ಕೆಳಗೆ, ಎದುರಾಳಿಯದು ಮೇಲೆ. ಹಾಗಾಗಿ ಎದುರಾಳಿಯದೇ ಮೊದಲು ಜಾರಿಯಾಗುತ್ತದೆ. ಕಾಯುವ ಆ ಹೊತ್ತಿನಲ್ಲಿ ಇಬ್ಬರಿಗೂ ಇನ್ನೊಂದು ಕಾರ್ಡು ಹಾಕುವ ಅವಕಾಶವಿದೆ.

2007ರಲ್ಲಿ ‘ಒಬ್ಲಿವಿಯನ್ ರಿಂಗ್’ ಎಂಬ ಕಾರ್ಡು ಬಂತು. ಅದರ ಮೇಲೆ ಎರಡು ಮಾತು. ಈ ಉಂಗುರ ಬಂದಾಗ ಎದುರಿನ ಒಂದು ಕಾರ್ಡನ್ನು ಗಡಿಪಾರು ಮಾಡು. ಉಂಗುರ ಹೋದಾಗ ಆ ಕಾರ್ಡನ್ನು ವಾಪಸ್ ಕೊಡು. ಓದಿದರೆ ನ್ಯಾಯವಾಗಿಯೇ ಇದೆ. ಆದರೆ ಚಾಲಾಕಿ ಆಟಗಾರ ಮೊದಲ ಮಾತು ಇನ್ನೂ ಸ್ಟ್ಯಾಕಿನಲ್ಲಿ ಕಾಯುತ್ತಿರುವಾಗಲೇ ತನ್ನ ಉಂಗುರವನ್ನು ತಾನೇ ತೆಗೆದುಬಿಡುತ್ತಾನೆ. ಆಗ ‘ವಾಪಸ್ ಕೊಡು’ ಎಂಬ ಮಾತು ಮೇಲೆ ಕೂತು ಮೊದಲು ಜಾರಿಯಾಗುತ್ತದೆ. ಕೊಡಲು ಇನ್ನೂ ಏನೂ ಇಲ್ಲ. ಆಮೇಲೆ ಕೆಳಗಿದ್ದ ‘ಗಡಿಪಾರು’ ಜಾರಿಯಾಗುತ್ತದೆ. ಉಂಗುರ ಹೋದರೂ ಅದರ ಮಾತು ಉಳಿದಿರುತ್ತದೆ. ಆ ಕಾರ್ಡನ್ನು ಮರಳಿ ತರುವ ಮಾತು ಮಾತ್ರ ಆಗಲೇ ಖರ್ಚಾಗಿ ಹೋಗಿದೆ.

ಕಾರ್ಡು ಕಳೆದುಕೊಂಡವನಿಗೆ ಇದು ಮೋಸ ಅನ್ನಿಸುವುದು ಸಹಜ. ನಿಯಮ ಒಂದೂ ಮುರಿದಿಲ್ಲ. ಕಳಿಸುವುದಕ್ಕೂ ಕರೆಸುವುದಕ್ಕೂ ಕ್ರಮವಿದೆ ಎಂದುಕೊಂಡವನು ಓದುಗ; ಬರಹದಲ್ಲಿ ಇದ್ದದ್ದು ಎರಡು ಬಿಡಿ ವಾಕ್ಯ.

2013ರ ‘ಬ್ಯಾನಿಷರ್ ಪ್ರೀಸ್ಟ್’ ಕಾರ್ಡಿನಲ್ಲಿ ಆ ಎರಡು ವಾಕ್ಯಗಳು ಒಂದಾದವು: ಈ ಅರ್ಚಕ ಬಂದಾಗ, ಅವನು ಹೋಗುವ ತನಕ ಎದುರಾಳಿಯ ಒಂದು ಜೀವಿಗೆ ಗಡಿಪಾರು. ಮಾತು ಜಾರಿಯಾಗುವ ಮೊದಲೇ ಅರ್ಚಕ ಹೋಗಿಬಿಟ್ಟರೆ ‘ತನಕ’ ಮುಗಿದೇ ಹೋಯಿತು, ಯಾರೂ ಗಡಿಪಾರಾಗುವುದಿಲ್ಲ. ಹಳೆಯ ಉಂಗುರದ ಮಾತು ಇಂದಿಗೂ ಹಾಗೆಯೇ ಇದೆ.

ಚಿನ್ನ ಅಡವಿಡುವ ಮನೆಗಳಿಗೆ ಈ ಅಂತರ ಗೊತ್ತು. ‘ಸಾಲ ಕೊಟ್ಟಾಗ ಬಳೆ ಇಟ್ಟುಕೊಳ್ಳುತ್ತೇನೆ, ಸಾಲ ತೀರಿದಾಗ ಕೊಡುತ್ತೇನೆ’ ಎನ್ನುವವನಿಗಿಂತ ‘ಸಾಲ ತೀರುವ ತನಕ ಮಾತ್ರ ಬಳೆ ನನ್ನಲ್ಲಿ’ ಎಂದು ಬರೆದುಕೊಡುವವನು ಮೇಲು. ಎರಡನೆಯವನ ಚೀಟಿಯಲ್ಲಿ ಬಳೆ ಯಾವತ್ತು ವಾಪಸ್ ಬರಬೇಕು ಎಂಬುದು, ಅದು ಹೋಗುವ ವಾಕ್ಯದಲ್ಲೇ ಇರುತ್ತದೆ.