ಮುಚ್ಚಿಟ್ಟ ಲ್ಯಾಪ್‌ಟಾಪ್ ಮಲಗಿರ್ಲಿಲ್ಲ

ನಮ್ಮ ಅತ್ತಿಯವರಿಗೆ ಈಗ 84 ವರ್ಷ. ನಿನ್ನೆ ಏನ್ ಉಂಡ್ರಿ ಅಂತ ಕೇಳಿದ್ರ ನೆನಪಿರೂದಿಲ್ಲ. ಆದ್ರ ನಸುಕಿನ್ಯಾಗ ಐದಕ್ಕ ಎಚ್ಚರಾತಂದ್ರ ಹಾಸಿಗಿ ಮ್ಯಾಲ ಕುಂತು ಬೀಸುಕಲ್ಲಿನ ಪದ ಶುರು ಮಾಡ್ತಾರ. ಅವರವ್ವ ಹಾಡ್ತಿದ್ದ ಪದಗಳು, ಯಾವ ಪುಸ್ತಕದಾಗೂ ನಾ ನೋಡಿಲ್ಲ. ನಡುವ ಒಮ್ಮೆ ನಿಂತ್ರ ಮುಂದಿನ ಸಾಲು ಮತ್ತ ಎಂದ ಬರತೈತೋ ಅವರಿಗೂ ಗೊತ್ತಿಲ್ಲ.

ಅವನ್ನೆಲ್ಲಾ ನಾ ಬರದಿಡಾಕ ಹತ್ತೀನಿ. ಚಿಕುನ್‌ಗುನ್ಯಾ ಆದಾಗಿಂದ ಬಟ್ಟು ನೋಯ್ತಾವ, ಪೆನ್ನು ಹಿಡದು ಭಾಳ ಹೊತ್ತು ಬರಿಯಾಕ ಆಗೂದಿಲ್ಲ. ಮೊಬೈಲ್ ಮುಂದ ಹಿಡದ್ರ ಅತ್ತಿ "ಯಾರದವಾ ಫೋನು?" ಅಂತ ಹಾಡೂದ ಬಿಟ್ಟಬಿಡ್ತಾರ. ಹಿಂಗಾಗಿ ಮಗ ಬಿಟ್ಟುಹೋದ ಹಳೇ ಲ್ಯಾಪ್‌ಟಾಪಿನ್ಯಾಗ ಟೈಪ್ ಮಾಡ್ತೀನಿ. ಅಂವ ಹೋದ ದೀಪಾವಳಿಗೆ ಬಂದಾಗ ಅದಕ್ಕ ಲಿನಕ್ಸ್ ಮಿಂಟ್ ಹಾಕಿ ಕೊಟ್ಟಾನ. ಅದಕ್ಕ ರೊಕ್ಕ ಕೊಡೂದು ಬೇಕಾಗಿಲ್ಲ, ಒಳಗ ಏನ್ ಬರದೈತಿ ಅಂತ ಯಾರು ಬೇಕಾದ್ರೂ ಓದಬಹುದು, ತಿದ್ದಬಹುದು.

ಪೂರ್ತಿ ಆರಿಸಿಟ್ರ ಅದು ಚಾಲೂ ಆಗಾಕ ಎರಡ್ಮೂರು ನಿಮಿಷ ಬೇಕು. ಅಷ್ಟ್ರಾಗ ಅತ್ತಿ ಪದ ಮರತಿರ್ತಾರ. ಅದಕ್ಕ ರಾತ್ರಿ ಬರೇ ಮುಚ್ಚಳ ಮುಚ್ಚಿ ಅವರ ಮಂಚದ ಬಾಜೂಕ ಇಡ್ತಿದ್ದೆ. ಅಲ್ಲಿ ಪ್ಲಗ್ ಇಲ್ಲ. ಮುಂಜಾನೆ ತೆಗದ್ರ ಎಷ್ಟೋ ದಿನ ಬ್ಯಾಟರಿ ಖಾಲಿ, ತಳಾ ಮುಟ್ಟಿದ್ರ ಬೆಚ್ಚಗ. ಒಂದಿನ ಅತ್ತಿ ನಾ ಎಂದೂ ಕೇಳದ ಪದ ಎತ್ತಿದ್ರು. ನಾ ಚಾರ್ಜರ್ ಹುಡುಕ್ಯಾಡಿ ತರೂದ್ರಾಗ ಮುಗದಹೋತು. "ಇನ್ನೊಮ್ಮೆ ಹೇಳ್ರಿ ಅತ್ತಿ" ಅಂದ್ರ "ಏನ್ ಹೇಳ್ಲವಾ?" ಅಂದ್ರು. ಆ ಪದ ಇವತ್ತಿನತನಾ ತಿರುಗಿ ಬಂದಿಲ್ಲ.

ಅಂಗಡಿಗೆ ಒಯ್ದೆ. "ಬ್ಯಾಟರಿ ಹೋಗೇತ್ರಿ ಅಕ್ಕಾರ, ನಾಲ್ಕು ಸಾವಿರ ಆಗತೈತಿ" ಅಂದ ಅಂಗಡಿಯಾವ. ನನಗ ಒಪ್ಪಿಗಿ ಆಗ್ಲಿಲ್ಲ. ಬ್ಯಾಟರಿ ಕೆಟ್ಟಿದ್ರ ಹಗಲೊತ್ತು ಮೂರು ತಾಸು ಹೆಂಗ ನಡಿತೈತಿ? ಮನಿಗೆ ಬಂದು ಹಾಲಿನ ಲೆಕ್ಕದ ವಹಿ ಹಿಂದ ಬರಿಯಾಕ ಶುರು ಮಾಡಿದೆ. ಮುಚ್ಚಳ ಮುಚ್ಚಿಟ್ಟಾಗ: ರಾತ್ರಿ ಹತ್ತಕ್ಕ 92, ಮುಂಜಾನೆ ಐದಕ್ಕ 25. ಪೂರ್ತಿ ಆರಿಸಿಟ್ಟಾಗ: ರಾತ್ರಿ 92, ಮುಂಜಾನೆನೂ 92. ಅಂದ್ರ ಬ್ಯಾಟರಿ ಸೋರೂದಿಲ್ಲ. ಮುಚ್ಚಿಟ್ಟಾಗ ಒಳಗ ಯಾರೋ ಕುಂತು ಉಣ್ಣಾಕ ಹತ್ತ್ಯಾರ.

ಐತವಾರ ಮಗನಿಗೆ ಫೋನ್ ಹಚ್ಚಿ ಈ ಲೆಕ್ಕ ಓದಿ ಹೇಳಿದೆ. "ಅವ್ವಾ, ಅರ್ಧಾ ಕೆಲಸ ನೀನ ಮಾಡಿಬಿಟ್ಟೀದಿ" ಅಂದ. ಆಮ್ಯಾಲ ಬಿಡಿಸಿ ಹೇಳಿದ.

ಕಂಪನಿಯವರು ಲ್ಯಾಪ್‌ಟಾಪಿನ ಚಿಪ್ಪಿನ್ಯಾಗ ಮೊದಲ ಒಂದು ಬರಹ ತುಂಬಿರ್ತಾರ, ಅದಕ್ಕ ಫರ್ಮ್‌ವೇರ್ ಅಂತಾರ. ಅದರಾಗ ಎಸಿಪಿಐ ಅಂತ ಕೆಲವು ಟೇಬಲ್ ಇರ್ತಾವ. ಬ್ಯಾಟರಿ ಹೆಂಗ ನೋಡಬೇಕು, ಫ್ಯಾನ್ ಹೆಂಗ ತಿರುಗಸ್ಬೇಕು, ಮುಚ್ಚಳ ಮುಚ್ಚಿದ್ದು ಹೆಂಗ ತಿಳೀಬೇಕು, ಯಾವ ನಿದ್ದಿ ಮಾಡಬೇಕು, ಎಲ್ಲಾ ಅದರಾಗ. ಬಾಡಗಿ ಮನಿ ಮಾಲಕರು ಯಾವ ಬಟನ್ ಯಾವ ದೀಪದ್ದು ಅಂತ ಚೀಟಿ ಬರದು ಕೊಟ್ಟಂಗ. ಈ ಪದ್ಧತಿ 1996ರಾಗ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಕೂಡಿ ತಂದದ್ದಂತ. ಲಿನಕ್ಸ್ ಚಾಲೂ ಆಗುವಾಗ ಆ ಚೀಟಿ ಓದತೈತಿ. ಚೀಟಿಯಾಗಿನ ಮಾತು ಈ ಮನಿಗೆ ಹೊಂದಲಿಲ್ಲಂದ್ರ ಹಿಂಗ ಆಗತೈತಿ.

ಟರ್ಮಿನಲ್ ತೆಗಿ ಅಂದ, ತೆಗದೆ. ಸಿಸ್ ಒಳಗ ಪವರ್, ಅದರೊಳಗ ಮೆಮ್_ಸ್ಲೀಪ್ ಅನ್ನೋ ಕಡತ. ಅದರಾಗ ಎರಡ ಶಬ್ದ: ಎಸ್2ಐಡಲ್, ಡೀಪ್. ಎಸ್2ಐಡಲ್‌ಗೆ ಚೌಕದ ಕಂಸ ಹಾಕಿತ್ತು. ಕಂಸ ಇದ್ದದ್ದು ಈಗ ನಡದಿರೋ ನಿದ್ದಿ.

ಎಸ್2ಐಡಲ್ ಅಂದ್ರ ನಮ್ಮಂಥಾ ಹೆಣ್ಣಮಕ್ಕಳ ನಿದ್ದಿ. ಮೈ ಹಾಸಿಗಿ ಮ್ಯಾಲ, ಕಿವಿ ನಳದ ಕಡೆ. ಪ್ರೊಸೆಸರ್ ಸುಮ್ನ ಕುಂತಿರತೈತಿ, ಆದ್ರ ಪೂರ್ತಿ ಆರಿರೂದಿಲ್ಲ. ಒಳಗಿನ ಒಂದ ಸಾಮಾನು ಮಲಗಲಿಲ್ಲಂದ್ರೂ ಬ್ಯಾಟರಿ ಇಳಿತೈತಿ. ಡೀಪ್ ಅಂದ್ರ ನೆನಪಿನ ಚಿಪ್ಪಿಗಷ್ಟ ಕರೆಂಟು, ಉಳದದ್ದು ಬಹುತೇಕ ಬಂದ್. ನಮ್ಮ ಲ್ಯಾಪ್‌ಟಾಪಿನ ಟೇಬಲ್ಲಿನ್ಯಾಗ ಎರಡೂ ಇದ್ದು, ಮೊದಲನೇದ್ದು ಛಲೋ ಅಂತ ಒಂದು ಗುರುತು ಹಾಕ್ಯಾರ. ಲಿನಕ್ಸ್ ಅದನ್ನ ನಂಬೈತಿ.

ಕೆಲವು ಲ್ಯಾಪ್‌ಟಾಪು ಡೀಪ್ ನಿದ್ದಿಯಿಂದ ಏಳೂದ ಇಲ್ಲಂತ. ಅದಕ್ಕ ಮೊದಲು ಪದಗಳನ್ನೆಲ್ಲಾ ಪೆನ್ ಡ್ರೈವಿಗೆ ಹಾಕ್ಕೊಂಡೆ. ಆಮ್ಯಾಲ ಅದ ಕಡತಕ್ಕ ಡೀಪ್ ಅಂತ ಬರದ್ವಿ. ಇದು ತಾತ್ಪೂರ್ತಿಕ, ಆರಿಸಿ ಚಾಲೂ ಮಾಡಿದ್ರ ಹಳೇದಕ್ಕ ಬರತೈತಿ. ಮುಚ್ಚಳ ಮುಚ್ಚಿ, ಒಲಿ ಮ್ಯಾಲಿನ ಹಾಲು ಇಳಿಸಿ ಬಂದು ತೆಗದೆ. ಎದಿ ಡವಡವ ಅಂತಿತ್ತು. ಎದ್ದಿತು. ಆ ರಾತ್ರಿ ಲೆಕ್ಕ: 92 ಇದ್ದದ್ದು ಮುಂಜಾನೆ 88.

ಮೂರು ರಾತ್ರಿ ನೋಡಿದ ಮ್ಯಾಲ ಖಾಯಂ ಮಾಡಿದ್ವಿ. ಗ್ರಬ್ ಸೆಟ್ಟಿಂಗಿನ ಕಡತದಾಗ ಕರ್ನಲ್‌ಗೆ ಹೇಳೋ ಮಾತಿನ ಸಾಲಿಗೆ ಮೆಮ್_ಸ್ಲೀಪ್_ಡೀಫಾಲ್ಟ್=ಡೀಪ್ ಅಂತ ಸೇರಿಸಿ, ಅಪ್‌ಡೇಟ್-ಗ್ರಬ್ ಕೊಟ್ಟು, ಆರಿಸಿ ಚಾಲೂ ಮಾಡಿದ್ರ ಆತು. ಟೇಬಲ್ ಮುಟ್ಟೋ ಪ್ರಸಂಗ ಬರಲಿಲ್ಲ. ಡೀಪ್ ಅನ್ನೋದ ಕಾಣದಿದ್ರ ಮೊದಲು ಬಯೋಸ್ ಸೆಟ್ಟಿಂಗ್ ನೋಡಬೇಕಂತ, ಕೆಲವದರಾಗ ನಿದ್ದಿ ಆರಿಸೋ ಸೌಲಭ್ಯ ಅಲ್ಲೇ ಇರತೈತಿ.

ಆದ್ರೂ ಚೀಟಿ ಹೆಂಗಿರತೈತಿ ನೋಡೂ ಆಸೆ ನನಗ. ಎಸಿಪಿಐಡಂಪ್‌ಲೆ ತೆಗದು, ಐಎಎಸ್‌ಎಲ್‌ಲೆ ಓದೂವಂಗ ಬಿಡಿಸಿ ತೋರಿಸಿದ. ಸಾವಿರಾರು ಸಾಲು. ನಡುವ ವಿಂಡೋಸ್ 2009, ವಿಂಡೋಸ್ 2012 ಅಂತ ಹೆಸರು. "ಇಲ್ಲಿ ವಿಂಡೋಸ್ ಯಾಕೋ ತಮ್ಮಾ?" ಅಂದೆ. ಫರ್ಮ್‌ವೇರ್ ಕೇಳತೈತಂತ: ನೀ ವಿಂಡೋಸ್ ಏನು? ಲಿನಕ್ಸ್ "ಹೌದ್ರಿ" ಅಂತೈತಂತ. ಕಂಪನಿಯವರು ವಿಂಡೋಸ್ ಹಾಕಿ ಪರೀಕ್ಷೆ ಮಾಡಿರ್ತಾರ, ಇಲ್ಲ ಅಂದ್ರ ಎಷ್ಟೋ ಸಾಮಾನು ನೆಟ್ಟಗ ನಡಿಯೂದಿಲ್ಲ. ನನಗ ನಗು ಬಂತು. ಹೊಸಾ ಸೊಸಿ ಮೊದಲನೇ ವರ್ಷ ಎಲ್ಲಾದಕ್ಕೂ ಹೌದ್ರಿ ಅಂದಂಗ.

ನಿಮ್ಮ ಲ್ಯಾಪ್‌ಟಾಪೂ ಹಿಂಗ ಮಾಡಾಕ ಹತ್ತಿದ್ರ, ಬ್ಯಾಟರಿಗೆ ರೊಕ್ಕ ಸುರಿಯೂ ಮೊದಲು ಎರಡು ರಾತ್ರಿ ಲೆಕ್ಕ ಬರೀರಿ. ಒಂದು ರಾತ್ರಿ ಮುಚ್ಚಿ, ಒಂದು ರಾತ್ರಿ ಆರಿಸಿ.

ಇವತ್ತು ಮುಂಜಾನೆ ಅತ್ತಿ ಹಾಡಿದ್ದು ಮೊದಲ ಬರಕೊಂಡ ಪದಾನ. ಆದ್ರ ಕಡೀಕ ಎರಡು ಹೊಸಾ ಸಾಲು ಬಂದ್ವು. ಮುಚ್ಚಳ ತೆಗದಿದ್ದೆ, ಬರಕೊಂಡೆ.